ನೀರು ಎಲ್ಲಿ ಹೋಯ್ತು? ಹಳೇ ಬಸ್ ಎಂಜಿನ್ ಮತ್ತು ಒಂದು ಗ್ಯಾಸ್ಕೆಟ್‌ನ ಕಥೆ

ಇವತ್ತಿನ ಎಪಿಸೋಡ್ ಒಂದೇ ಒಂದು ಪ್ರಶ್ನೆ ಮೇಲೆ ನಿಂತಿದೆ. ಬೆಳಿಗ್ಗೆ ಬಸ್ಸಿನ ರೇಡಿಯೇಟರ್‌ಗೆ ಕಂಠಮಟ್ಟ ನೀರು ತುಂಬಿಸಿದ್ದಾರೆ. ಸಂಜೆ ಡಿಪೋಗೆ ಬಂದಾಗ ನೋಡಿದ್ರೆ ಎರಡು ಲೀಟರ್ ಕಮ್ಮಿ. ಬಸ್ಸಿನ ಕೆಳಗೆ ನೆಲ ಒಣಗಿದೆ, ಒಂದು ಹನಿಯೂ ಇಲ್ಲ. ಹಾಗಾದ್ರೆ ನೀರು ಎಲ್ಲಿ ಹೋಯ್ತು?

ಕೇಳೋಕೆ ಇದು ಗ್ಯಾರೇಜಿನ ವಿಷಯ ಅನ್ಸುತ್ತೆ. ಆದ್ರೆ ಈ ತಲೆನೋವನ್ನ ಒಂದೇ ಏಟಿಗೆ ಮುಗಿಸ್ತೀವಿ ಅಂತ ಬ್ರಿಟನ್ನಿನ ಲೇಲ್ಯಾಂಡ್ ಕಂಪನಿ 1968ರಲ್ಲಿ ಒಂದು ಎಂಜಿನ್ ಹೊರಗೆ ತಂತು. ಹತ್ತು ವರ್ಷ ಆಗೋ ಹೊತ್ತಿಗೆ ಆ ಎಂಜಿನ್ ಕಂಪನಿಯ ಹೆಸರನ್ನೇ ಕೆಡಿಸಿತ್ತು. ಅದು ಯಾಕೆ ಹಾಗಾಯ್ತು ಅನ್ನೋದೇ ಇವತ್ತಿನ ಕಥೆ.

ನಾನು ಓದಿದ್ದು ಬಿ.ಕಾಂ. ಆದ್ರೆ ಈ ವಿಷಯ ಅರ್ಥ ಆಗೋಕೆ ಬಿ.ಕಾಂ. ಸಾಕು, ಯಾಕಂದ್ರೆ ಇದು ಮೂಲದಲ್ಲಿ ಲೆಕ್ಕದ ವಿಷಯ. ಎಂಜಿನ್‌ಗೆ ಹೋದ ನೀರು ಎಂಜಿನ್‌ನಲ್ಲೇ ಇರ್ಬೇಕು. ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲೋ ಸೋರಿದೆ ಅಂತ ಅರ್ಥ.

ಮೊದಲು ಬೇಸಿಕ್ಸ್. ಡೀಸೆಲ್ ಸುಟ್ಟಾಗ ಬರೋ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳ್ಬೇಕಂದ್ರೆ, ಮೂರನೇ ಒಂದು ಭಾಗ ಬಸ್ಸನ್ನ ಓಡಿಸುತ್ತೆ. ಇನ್ನೊಂದು ಭಾಗ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತೆ. ಉಳಿದ ಶಾಖದಲ್ಲಿ ಬಹುಪಾಲನ್ನ ನೀರು ಹೊತ್ತು ರೇಡಿಯೇಟರ್‌ಗೆ ಸಾಗಿಸಬೇಕು. ಆ ನೀರು ಕಮ್ಮಿಯಾದ್ರೆ ಕಬ್ಬಿಣ ಹಿಗ್ಗಿ, ಸೊಟ್ಟಗಾಗಿ, ಕೊನೆಗೆ ಬಿರುಕು ಬಿಡುತ್ತೆ.

ಇಲ್ಲಿ ನಮ್ಮೂರಿಗೆ ಸಂಬಂಧಪಟ್ಟ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಮಂಗಳೂರಿಂದ ಘಾಟಿ ಹತ್ತಿ ಬರೋ ಬಸ್ಸಿಗೆ ಎಂಜಿನ್ ಮೇಲೆ ಅತಿ ಹೆಚ್ಚು ಭಾರ ಬೀಳೋದೂ, ನೀರು ಬೇಗ ಕುದಿಯೋದೂ ಒಂದೇ ದಾರಿಯಲ್ಲಿ. ಇದಕ್ಕೆ ಪರಿಹಾರ ರೇಡಿಯೇಟರ್‌ನ ಒತ್ತಡದ ಮುಚ್ಚಳ. ಒಳಗೆ 7 ಪಿಎಸ್‌ಐ ಒತ್ತಡ ಹಿಡಿದಿಟ್ರೆ ಕುದಿಯೋ ಮಟ್ಟ ಹತ್ತು ಡಿಗ್ರಿಗಿಂತ ಜಾಸ್ತಿ ಮೇಲೇರುತ್ತೆ. ಬಿಸಿ ಎಂಜಿನ್ ಮುಚ್ಚಳ ತೆಗೀಬಾರದು ಅನ್ನೋದೂ ಇದಕ್ಕೇ. ಒತ್ತಡ ಹೋದ ಕ್ಷಣ ಒಳಗಿನ ನೀರು ಒಮ್ಮೆಗೇ ಕುದ್ದು ಮುಖಕ್ಕೆ ಚಿಮ್ಮುತ್ತೆ. ಆ ಸುಟ್ಟ ಗಾಯ ಸಣ್ಣದಲ್ಲ.

ಈಗ ಕಥೆಯ ವಿಲನ್‌ಗೆ ಬರೋಣ: ಹೆಡ್ ಗ್ಯಾಸ್ಕೆಟ್. ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲಿನ ಮುಚ್ಚಳ ಹೆಡ್. ಇವೆರಡರ ನಡುವೆ ಒಂದು ತೆಳು ಹಾಳೆ. ಆ ಕಾಲದಲ್ಲಿ ಹೆಚ್ಚಾಗಿ ತಾಮ್ರ ಮತ್ತು ಆಸ್ಬೆಸ್ಟಾಸ್‌ದು. ಬೆಂಕಿ, ನೀರು, ಆಯಿಲ್, ಈ ಮೂರೂ ಒಂದರ ಪಕ್ಕ ಒಂದು ಹರೀತಿರುತ್ತೆ. ಮೂರೂ ಒಂದಕ್ಕೊಂದು ಸೇರದ ಹಾಗೆ ಕಾಯೋದು ಆ ಹಾಳೆ ಕೆಲಸ. ಡೀಸೆಲ್ ಎಂಜಿನ್ ಗಾಳಿಯನ್ನ ಸುಮಾರು 16 ಪಟ್ಟು ಒತ್ತಿ, ಆ ಶಾಖದಿಂದಲೇ ಡೀಸೆಲ್ ಹೊತ್ತಿಸುತ್ತೆ. ಪ್ರತಿ ಹೊತ್ತಿಕೆಗೂ ಹೆಡ್ಡನ್ನ ಮೇಲಕ್ಕೆ ತಳ್ಳೋ ಏಟು ಬೀಳುತ್ತೆ. ಬಸ್ಸು ಹಳೇದಾದಂತೆ ಆ ಹಾಳೆ ಎಲ್ಲೋ ಒಂದು ಕಡೆ ಸೋಲುತ್ತೆ.

ಆದ್ರೆ ನೀರು ಕಮ್ಮಿಯಾದ ತಕ್ಷಣ ಗ್ಯಾಸ್ಕೆಟ್ಟೇ ಅಂತ ಹೆಡ್ ಬಿಚ್ಚೋದು ಒಳ್ಳೇ ಫಿಟ್ಟರ್ ಲಕ್ಷಣ ಅಲ್ಲ. ಆಡಿಟರ್ ಥರ ಒಂದೊಂದೇ ಖಾತೆ ನೋಡ್ಬೇಕು.

ಮೊದಲನೇ ಖಾತೆ, ಹೊರಗಿನ ಸೋರಿಕೆ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತೆ, ಅದಕ್ಕೇ ನೆಲ ಒಣಗಿರುತ್ತೆ. ಆದ್ರೆ ಕಲೆ ಉಳಿಯುತ್ತೆ: ತುಕ್ಕಿನ ಗೆರೆ, ಬಿಳಿ ಉಪ್ಪು. ಹೋಸ್ ಕ್ಲಿಪ್, ರೇಡಿಯೇಟರ್ ಕೆಳತೊಟ್ಟಿಯ ಬೆಸುಗೆ, ವಾಟರ್ ಪಂಪ್ ಕೆಳಗಿನ ಸಣ್ಣ ತೂತು. ಆ ತೂತು ಇರೋದೇ ಸುಳಿವು ಕೊಡೋಕೆ. ಪಂಪಿನ ಸೀಲ್ ಹೋದ್ರೆ ನೀರು ಅಲ್ಲಿಂದ ಬರುತ್ತೆ. ಕೆಲವು ಸೋರಿಕೆ ಎಂಜಿನ್ ತಣ್ಣಗಿದ್ದಾಗ ಮಾತ್ರ ಕಾಣುತ್ತೆ, ಬಿಸಿಯಾದ್ರೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತೆ. ಅದಕ್ಕೇ ರಾತ್ರಿ ಪೂರ್ತಿ ತಣಿಯೋಕೆ ಬಿಟ್ಟು, ಬೆಳಿಗ್ಗೆ ಕೈಪಂಪ್‌ನಿಂದ ರೇಡಿಯೇಟರ್‌ಗೆ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತಾ ಅಂತ ನೋಡೋದು. ಮುಚ್ಚಳವನ್ನೂ ಬೇರೆಯಾಗಿ ಪರೀಕ್ಷೆ ಮಾಡ್ಬೇಕು. ಸ್ಪ್ರಿಂಗ್ ಸತ್ತ ಮುಚ್ಚಳ ಏರಿನಲ್ಲಿ ಸದ್ದಿಲ್ಲದೆ ನೀರು ಹೊರಗೆ ಹಾಕುತ್ತೆ.

ಎರಡನೇ ಖಾತೆ, ಆಯಿಲ್. ರಾತ್ರಿಯೆಲ್ಲಾ ನಿಂತ ಬಸ್ಸಿನ ಸಂಪ್ ಬೋಲ್ಟನ್ನ ನಿಧಾನಕ್ಕೆ ಸಡಿಲ ಮಾಡಿ. ನೀರು ಆಯಿಲ್‌ಗಿಂತ ಭಾರ. ಒಳಗೆ ನೀರಿದ್ರೆ ಮೊದಲು ಬರೋದು ಅದೇ.

ಮೂರನೇ ಖಾತೆ, ಹೊಗೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ನೀರು ಸಿಲಿಂಡರ್ ಒಳಗೆ ಹೋಗ್ತಿರಬಹುದು. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಆಗ್ಲೇ ಗುಳ್ಳೆ ಬಂದ್ರೆ ಅದು ಕುದಿತ ಅಲ್ಲ, ಎಲ್ಲಿಂದಲೋ ಗಾಳಿ ನುಗ್ತಿದೆ.

ಇಲ್ಲೇ ಬಸ್ಸಿಗಿರೋ ಒಂದು ಟ್ವಿಸ್ಟ್. ಬಸ್ಸಿಗೆ ಏರ್ ಬ್ರೇಕ್ ಇರುತ್ತೆ, ಅದಕ್ಕೊಂದು ಕಂಪ್ರೆಸರ್. ಬಹಳಷ್ಟು ಎಂಜಿನ್‌ಗಳಲ್ಲಿ ಆ ಕಂಪ್ರೆಸರ್ ತಣ್ಣಗಾಗೋದು ಕೂಡ ಇದೇ ನೀರಿನಿಂದ. ಅದಕ್ಕೂ ಒಂದು ಪುಟ್ಟ ಹೆಡ್ ಗ್ಯಾಸ್ಕೆಟ್ ಇದೆ. ಅದು ಹೋದ್ರೆ ರೇಡಿಯೇಟರ್‌ನಲ್ಲಿ ಗುಳ್ಳೆ ಬರುತ್ತೆ, ಇಲ್ಲಾ ನೀರು ಏರ್ ಟ್ಯಾಂಕ್ ಸೇರುತ್ತೆ. ಇದನ್ನ ನೋಡದೆ ದೊಡ್ಡ ಹೆಡ್ ಬಿಚ್ಚಿದ್ರೆ ಎರಡು ದಿನದ ಕೆಲಸ ದಂಡ. ಮತ್ತೆ ಇದು ಬ್ರೇಕಿನ ವಿಷಯ, ತಮಾಷೆ ಅಲ್ಲ.

ಸರಿ, ಈಗ ಇಂಗ್ಲೆಂಡಿಗೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲೇಲ್ಯಾಂಡ್ ತಂದ ಓ.600 ಎಂಜಿನ್ 9.8 ಲೀಟರ್‌ದು. ಆರು ಸಿಲಿಂಡರ್, ಆದ್ರೆ ಹೆಡ್ ಎರಡು, ಮೂರು ಮೂರಕ್ಕೆ ಒಂದು. ಒಂದು ಕಡೆ ಗ್ಯಾಸ್ಕೆಟ್ ಹೋದ್ರೆ ಆ ಅರ್ಧ ಮಾತ್ರ ಬಿಚ್ಚಿದ್ರೆ ಸಾಕು. ಗ್ಯಾಸ್ಕೆಟ್ ಹೋಗೇ ಹೋಗುತ್ತೆ ಅಂತ ಒಪ್ಪಿಕೊಂಡು, ಬಿಚ್ಚೋನ ಕಷ್ಟ ಕಮ್ಮಿ ಮಾಡಿದ ಡಿಸೈನ್ ಅದು. 1950ರಲ್ಲಿ ಅದರ ದೊಡ್ಡಣ್ಣ ಓ.680 ಬಂತು.

ಅದೇ ಲೇಲ್ಯಾಂಡ್ ನಮ್ಮ ದೇಶಕ್ಕೂ ಬಂತು. 1948ರಲ್ಲಿ ಶುರುವಾದ ಅಶೋಕ್ ಮೋಟರ್ಸ್, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯ್ತು. ಅದೇ 1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಗಿತ್ತು, ಇವತ್ತಿನ ಕೆಎಸ್ಆರ್‌ಟಿಸಿಯ ಬೇರು ಅದು. ಭಾರತದ ರಸ್ತೆಗಳಲ್ಲಿ ಓಡಿದ ಲೇಲ್ಯಾಂಡ್ ಕಾಮೆಟ್‌ಗೂ ಬಿಚ್ಚೋಕೆ ಬರೋ ಹೆಡ್ಡೇ ಇತ್ತು.

ಆದ್ರೆ ಬ್ರಿಟನ್ನಿನಲ್ಲಿ ಎಂಜಿನಿಯರ್‌ಗಳು ಬೇರೆ ಥರ ಯೋಚಿಸಿದ್ರು. ಟರ್ಬೋ ಹಾಕಿ ಸಣ್ಣ ಎಂಜಿನ್‌ನಿಂದ ಜಾಸ್ತಿ ಶಕ್ತಿ ತೆಗೀಬೇಕು. ಒಳಗಿನ ಒತ್ತಡ ಏರುತ್ತೆ, ಗ್ಯಾಸ್ಕೆಟ್ ತಡೆಯಲ್ಲ. ಹಾಗಿದ್ರೆ ಗ್ಯಾಸ್ಕೆಟ್ಟೇ ಬೇಡ! ಹೆಡ್ಡನ್ನೂ ಬ್ಲಾಕನ್ನೂ ಒಂದೇ ಎರಕದಲ್ಲಿ ಹೊಯ್ದರು. ಅದೇ 1968ರ ಲೇಲ್ಯಾಂಡ್ 500, 8.2 ಲೀಟರ್‌ದು. 'ಹೆಡ್ ಇಲ್ಲದ ಎಂಜಿನ್' ಅಂತಾನೇ ಹೆಸರಾಯ್ತು.

ಕಾಗದದ ಮೇಲೆ ಲೆಕ್ಕ ಸರಿ. ಸೋರೋ ಜಾಗವೇ ಇಲ್ಲ ಅಂದ್ಮೇಲೆ ಸೋರೋದೆಲ್ಲಿಂದ? ಆದ್ರೆ ಹೆಡ್ ಅಡಿಯಲ್ಲಿ ವಾಲ್ವ್‌ಗಳಿರ್ತವೆ. ಅವು ಸವೆದಾಗ ರಿಪೇರಿ ಮಾಡ್ಲೇಬೇಕು. ಹೆಡ್ ಎತ್ತೋಕೆ ಬರಲ್ಲ, ಹಾಗಾಗಿ ಪಿಸ್ಟನ್‌ಗಳನ್ನೇ ತೆಗೆದು ಕೆಳಗಿನಿಂದ ಹೋಗ್ಬೇಕು. ಹೆಂಚು ಸರಿಮಾಡೋಕೆ ಪಾಯ ಅಗೆದ ಹಾಗೆ. ಜೊತೆಗೆ ಹೋಸ್, ಪಂಪ್, ಮುಚ್ಚಳ ಎಲ್ಲಾ ಹಾಗೇ ಇದ್ದವು. ಗ್ಯಾಸ್ಕೆಟ್ ಒಂದು ಖಾತೆ ಮುಚ್ಚಿದ್ರೂ ಉಳಿದ ಖಾತೆಗಳು ತೆರೆದೇ ಇದ್ದವು.

ಈ ಎಂಜಿನ್ 1972ರಿಂದ ತಯಾರಾದ ಲೇಲ್ಯಾಂಡ್ ನ್ಯಾಷನಲ್ ಬಸ್ಸಿಗೆ ಬಂತು. ವರ್ಕಿಂಗ್ಟನ್ ಊರಿನ ಹೊಸ ಕಾರ್ಖಾನೆ, ಏಳು ಸಾವಿರಕ್ಕೂ ಹೆಚ್ಚು ಬಸ್ಸು. ಅಲ್ಲಿ ಸರ್ಕಾರ ಕಂಡಕ್ಟರ್ ಇಲ್ಲದೆ ಓಡೋ ಹೊಸ ಬಸ್ಸುಗಳಿಗೆ ಸಬ್ಸಿಡಿ ಕೊಡ್ತಿತ್ತು. ಮೊದಲು ಬೆಲೆಯ 25 ಪರ್ಸೆಂಟ್, 1971ರಿಂದ 50 ಪರ್ಸೆಂಟ್. ಕಾಮರ್ಸ್ ಕಣ್ಣಿನಿಂದ ಇದನ್ನ ನೋಡಿ. ಸಬ್ಸಿಡಿ ಸಿಗೋದು ಖರೀದಿ ಬೆಲೆಗೆ, ರಿಪೇರಿ ಖರ್ಚಿಗೆ ಅಲ್ಲ. ಕೊಳ್ಳೋ ದಿನ ಅಗ್ಗ, ಆದ್ರೆ ಮುಂದಿನ ವರ್ಷಗಳ ಬಿಲ್ಲು ಡಿಪೋದ ತಲೆ ಮೇಲೆ. ನೀರು, ಆಯಿಲ್, ಫಿಲ್ಟರ್ ಎಲ್ಲದರಲ್ಲೂ ಕಟ್ಟುನಿಟ್ಟು ಬೇಡೋ ಎಂಜಿನ್ ಅದು. ರಸ್ತೆಯಲ್ಲಿ ಕಪ್ಪು ಹೊಗೆಗೆ ಹೆಸರುವಾಸಿ ಆಯ್ತು.

1979ರಲ್ಲಿ ಲೇಲ್ಯಾಂಡ್ ನ್ಯಾಷನಲ್ 2 ಬಂತು. ಅದರೊಳಗೆ ಕೂತಿದ್ದು ಯಾವ ಎಂಜಿನ್ ಗೊತ್ತಾ? ಅದೇ ಹಳೇ 680. ಹೆಡ್ ಇರೋದು, ಗ್ಯಾಸ್ಕೆಟ್ ಇರೋದು, ಬಿಚ್ಚೋಕೆ ಬರೋದು. ಹಳೇ ನ್ಯಾಷನಲ್ ಬಸ್ಸುಗಳಿಗೂ ಕೆಲವರು ಬಾಡಿ ಉಳಿಸಿಕೊಂಡು ಗಾರ್ಡ್ನರ್, ಡಾಫ್, ವೋಲ್ವೋ ಎಂಜಿನ್ ಹಾಕಿಸಿದ್ರು. 1988ರಲ್ಲಿ ಲೇಲ್ಯಾಂಡ್ ಬಸ್ ಕಂಪನಿಯೇ ವೋಲ್ವೋ ಪಾಲಾಯ್ತು, 1993ರಲ್ಲಿ ವರ್ಕಿಂಗ್ಟನ್ ಕಾರ್ಖಾನೆ ಬಾಗಿಲು ಹಾಕಿತು. ಒಂದು ಎಂಜಿನ್ನೇ ಇದಕ್ಕೆಲ್ಲಾ ಕಾರಣ ಅಂದ್ರೆ ಅನ್ಯಾಯ ಆಗುತ್ತೆ. ಆದ್ರೆ ಗಿರಾಕಿಗಳ ನಂಬಿಕೆ ಸೋರಿ ಹೋದ ಜಾಗಗಳಲ್ಲಿ ಇದೂ ಒಂದು.

ನನಗೆ ಈ ಕಥೆಯಲ್ಲಿ ಕಾಣೋದು ಇಷ್ಟು. ಓ.600 ಮಾಡಿದವರು 'ಇದು ಕೆಡುತ್ತೆ, ಕೆಟ್ಟಾಗ ರಿಪೇರಿ ಮಾಡೋನು ಒಬ್ಬ ಇರ್ತಾನೆ' ಅಂತ ಅಂದ್ಕೊಂಡು ಮಾಡಿದ್ರು. 500 ಮಾಡಿದವರು 'ಇದು ಕೆಡಲ್ಲ' ಅಂದ್ಕೊಂಡ್ರು. ನಿಮ್ಮ ಕೈಯಲ್ಲಿರೋ ಫೋನನ್ನೇ ನೋಡಿ. ಬ್ಯಾಟರಿ ಬಿಚ್ಚೋಕೆ ಬರ್ತಿದ್ದ ಕಾಲ ನಿಮಗೆ ನೆನಪಿರಬಹುದು. ಈಗ ಅಂಟು ಹಾಕಿ ಮುಚ್ಚಿರ್ತಾರೆ. ಆ ಲೆಕ್ಕದಲ್ಲಿ ಯಾರಿಗೆ ಲಾಭ, ರಿಪೇರಿ ಬಿಲ್ ಯಾರ ಹೆಸರಿಗೆ, ಸ್ವಲ್ಪ ಯೋಚನೆ ಮಾಡಿ.

ಮುಂದಿನ ಎಪಿಸೋಡ್‌ನಲ್ಲಿ ಮತ್ತೆ ಸಿಗೋಣ. ಮುಂದಿನ ಸಲ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್ ಕೊಡಪಾನ ಹಿಡ್ಕೊಂಡು ರೇಡಿಯೇಟರ್ ಹತ್ರ ನಿಂತಿದ್ರೆ, ಲೇಟಾಯ್ತು ಅಂತ ಬೈಯೋ ಮುಂಚೆ ಎರಡು ನಿಮಿಷ ಕಾಯಿರಿ. ಅವರು ಲೆಕ್ಕ ತಾಳೆ ಹಾಕ್ತಿದ್ದಾರೆ.