ಖೆಡ್ಡಾದ ಕಾಲದ ಮಕ್ಕಳು: ಜೇನುಕುರುಬರ ಹುಟ್ಟು, ಬಾಲ್ಯ ಮತ್ತು ಸಾಮಾಜಿಕ ಸ್ಮೃತಿ

ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ಸೀಮೆಯ ಹಾಡಿಗಳಲ್ಲಿರುವ ಜೇನುಕುರುಬ ಹಿರಿಯರ ವಯಸ್ಸನ್ನು ಕಾಗದಪತ್ರಗಳಿಂದ ನಿರ್ಣಯಿಸುವುದು ಸುಲಭವಲ್ಲ. ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿಯೇ ಬಂದಿತಾದರೂ ಕಾಡಿನೊಳಗಿನ ಗುಡಿಸಲುಗಳಲ್ಲಿ ಆದ ಹೆರಿಗೆಗಳು ಬಹುಮಟ್ಟಿಗೆ ಅದರ ಹೊರಗುಳಿದವು. ಶಾಲೆಗೆ ಸೇರಿದ ಮಕ್ಕಳಿಗೆ ಉಪಾಧ್ಯಾಯರು ಅಂದಾಜಿನಲ್ಲಿ ಬರೆದುಕೊಂಡ ದಿನಾಂಕವೇ ಹುಟ್ಟಿದ ದಿನವಾಯಿತು. ಕೃಷ್ಣರಾಜನಗರದ ನಾಲೆಯ ಬಯಲಿನ ಒಕ್ಕಲು ಕುಟುಂಬಕ್ಕೆ ತನ್ನ ನೆಲೆಯನ್ನು ತೋರಿಸಲು ಪಹಣಿಯಿದೆ. ಕಾಡಿನ ಕುಟುಂಬಕ್ಕೆ ಅದೂ ಇರಲಿಲ್ಲ.

ಆದರೆ ದಾಖಲೆಯ ಅಭಾವವೆಂದರೆ ಚರಿತ್ರೆಯ ಅಭಾವವಲ್ಲ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡು ಆ ಪ್ರದೇಶದ ಕಾಡು, ಊರುಗಳು ನೀರಿನಡಿ ಸೇರಿದವು. ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಬ್ಬರ ಹುಟ್ಟು ಖೆಡ್ಡಾಕ್ಕೆ ಮುಂಚೆಯೋ, ಹಿನ್ನೀರು ನಿಂತ ಮೇಲೋ ಎಂದು ವಿಚಾರಿಸಿದರೆ ವಯಸ್ಸಿನ ಜೊತೆಗೆ, ಆಗ ಕುಟುಂಬ ಯಾವ ಹಾಡಿಯಲ್ಲಿತ್ತು ಎಂಬುದೂ ತಿಳಿದುಬರುತ್ತದೆ. ಇಲ್ಲಿ ಕಾಲ ಮತ್ತು ಸ್ಥಳಗಳನ್ನು ಬೇರ್ಪಡಿಸಲಾಗದು.

ಈ ಸ್ಮೃತಿಗೆ ಇಂದು ಕಾನೂನಿನ ಮಹತ್ವವೂ ಒದಗಿದೆ. ಉಚ್ಚ ನ್ಯಾಯಾಲಯವು ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿಯು 2014ರ ವರದಿಯಲ್ಲಿ ನಾಗರಹೊಳೆಯಿಂದ ಹೊರಬಂದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯಿದೆಯು, 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯಿಲ್ಲದೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರ ಹಕ್ಕನ್ನೂ ಮಾನ್ಯ ಮಾಡುತ್ತದೆ. ಅದರ ನಿಯಮಗಳ ಪ್ರಕಾರ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳು ಹಾಗೂ ಬರವಣಿಗೆಗೆ ಇಳಿಸಿದ ಹಿರಿಯರ ಹೇಳಿಕೆಗಳು ಸಾಕ್ಷ್ಯವಾಗುತ್ತವೆ. ಆದರೆ ಹೇಳಿಕೆ ನೀಡುವ ಹಿರಿಯರು ಸ್ವತಃ ಅರ್ಜಿದಾರರಾಗಿರಕೂಡದು.

ಸಮಸ್ಯೆಯ ತಿರುಳು ಇರುವುದು ಇಲ್ಲಿಯೇ. ಒಕ್ಕಲೆಬ್ಬಿಸಿದಾಗ ಮನೆ ನಡೆಸುತ್ತಿದ್ದವರಲ್ಲಿ ಅನೇಕರು ಈಗಿಲ್ಲ. ಅಂದು ತಾಯಿಯ ಕೈಹಿಡಿದು ಹೊರಬಂದ ಮಕ್ಕಳೇ ಇಂದಿನ ಹಿರಿಯರು. ತಾವು ಆಡಿದ ಅಂಗಳ, ನೀರು ತಂದ ಹಳ್ಳ, ಅಜ್ಜನನ್ನು ಮಣ್ಣು ಮಾಡಿದ ಜಾಗ ಇವುಗಳ ನೆನಪೇ ಅವರ ಬಳಿ ಉಳಿದಿರುವ ದಾಖಲೆ. ಮಕ್ಕಳು ಕಂಡದ್ದೆಂದು ಅದನ್ನು ಅಲ್ಲಗಳೆದರೆ ಒಂದು ಇಡೀ ತಲೆಮಾರಿನ ಚರಿತ್ರೆಯನ್ನೇ ಅಲ್ಲಗಳೆದಂತೆ. ಅವರಿರುವಾಗಲೇ, ಸಾಧ್ಯವಾದರೆ ಹಳೆಯ ಹಾಡಿಯ ನೆಲದ ಮೇಲೆ ನಿಂತೇ, ಅವರ ಮಾತು ಬರಹಕ್ಕೆ ಇಳಿಯಬೇಕು. ಹುಟ್ಟನ್ನು ಬರೆದಿಡದ ವ್ಯವಸ್ಥೆ ನೆನಪನ್ನಾದರೂ ಬರೆದಿಡುವುದು ನ್ಯಾಯ.