ಬೂದಿ

ನಮ್ಮಜ್ಜಿ ರಾತ್ರಿ ಒಲೆಯನ್ನು ಪೂರ್ತಿ ಆರಿಸುತ್ತಿರಲಿಲ್ಲ. ಉಳಿದ ಕೆಂಡವನ್ನು ಬೂದಿಯೊಳಗೆ ಹೂತಿಟ್ಟು ಮಲಗುತ್ತಿದ್ದಳು. ಬೆಳಗ್ಗೆ ಬೂದಿ ಕೆದಕಿ ಊದುಗೊಳವೆಯಿಂದ ನಾಲ್ಕು ಸಲ ಊದಿದರೆ ಸಾಕು, ಕೆಂಡ ಕಣ್ಣು ಬಿಡುತ್ತಿತ್ತು. ‘ಬೂದಿ ಮುಚ್ಚಿದ ಕೆಂಡ’ ನನಗೆ ಮೊದಲು ಸಿಕ್ಕಿದ್ದು ಆ ಹೊಗೆ ಹಿಡಿದ ಅಡುಗೆಮನೆಯಲ್ಲಿ. ಅದೊಂದು ನುಡಿಗಟ್ಟು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಬೂದಿಯನ್ನು ನಾವು ನಂಬಿದವರು. ಪಾತ್ರೆ ತಿಕ್ಕಿದ್ದು ಅದರಲ್ಲೇ. ಬಿತ್ತನೆಯ ಕಾಳಿಗೆ ಹುಳ ಬೀಳದಂತೆ ಬೆರೆಸಿಟ್ಟದ್ದು, ಬದನೆ ಎಲೆಗೆ ಎರಚಿದ್ದು, ತೆಂಗಿನ ಬುಡಕ್ಕೆ ಸುರಿದದ್ದು ಅದನ್ನೇ. ಹಣೆಗೇರಿದರೆ ವಿಭೂತಿ. ಬೂದಿಯಾದ ಮೇಲೆ ಇನ್ನು ಸುಡುವುದೇನೂ ಉಳಿದಿಲ್ಲ ಎಂಬ ಭರವಸೆಯ ಮೇಲೆ ಆ ಪದ ಇಷ್ಟು ಕಾಲ ಬಾಳಿದೆ.

ಜಪಾನೀ ಭಾಷೆಯಲ್ಲಿ ಬೂದಿಗೆ ‘ಹಾಯ್’ ಎನ್ನುತ್ತಾರೆ. 1954ರಲ್ಲಿ ಆ ಪದಕ್ಕೆ ಇನ್ನೊಂದು ಪದ ಅಂಟಿಕೊಂಡಿತು: ‘ಶಿ ನೊ ಹಾಯ್’, ಸಾವಿನ ಬೂದಿ. ಆ ವರ್ಷ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿನ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ‘ಬ್ರಾವೊ’ ಎಂಬ ಹೈಡ್ರೋಜನ್ ಬಾಂಬು ಸಿಡಿಸಿತು. 6 ಮೆಗಾಟನ್ ಆಸುಪಾಸು ಎಂದು ಅಂದಾಜಿಸಿದ್ದದ್ದು 15 ಮೆಗಾಟನ್ ಆಯಿತು. ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ 23 ಮಂದಿಯ ಮೇಲೆ ಬಿಳಿ ಪುಡಿ ಉದುರಿತು. ಒಬ್ಬ ಅದನ್ನು ನಾಲಿಗೆಗೆ ಹಚ್ಚಿಯೂ ನೋಡಿದ. ಅದೇ ಸೆಪ್ಟೆಂಬರಿನಲ್ಲಿ ದೋಣಿಯ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮ ತೀರಿಕೊಂಡರು.

ಬಿಕಿನಿಯಿಂದ ಸುಮಾರು 150 ಕಿಲೋಮೀಟರ್ ಪೂರ್ವಕ್ಕೆ ರೊಂಗೆಲಾಪ್ ಎಂಬ ಇನ್ನೊಂದು ಹವಳದ್ವೀಪ. ಅಲ್ಲಿಯೂ ಅದೇ ಪುಡಿ ಸುರಿಯಿತು. ತಲೆಗೂದಲ ಮೇಲೆ, ಕುಡಿಯುವ ನೀರಿನ ತೊಟ್ಟಿಯಲ್ಲಿ. ಮಕ್ಕಳು ಅದರಲ್ಲಿ ಆಡಿದರು. ಸಂಜೆಯ ಹೊತ್ತಿಗೆ ಮೈ ತುರಿಕೆ, ವಾಂತಿ. ಹಡಗು ಬಂದು ಕರೆದೊಯ್ಯುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಮುಂದೆ ಆ ಮಕ್ಕಳಲ್ಲಿ ಹಲವರಿಗೆ ಥೈರಾಯ್ಡ್ ಗಂಟುಗಳಾದವು.

ನಿಜಕ್ಕೂ ಅದು ಬೂದಿಯಲ್ಲ. ಯಾವ ಒಲೆಯಲ್ಲೂ ಉರಿದದ್ದಲ್ಲ. ಬಾಂಬು ಮೇಲೆತ್ತಿದ ಹವಳದ ದಿಬ್ಬ ಸುಟ್ಟು ಪುಡಿಯಾಗಿ, ವಿಕಿರಣವನ್ನು ಮೈಗೂಡಿಸಿಕೊಂಡು ಕೆಳಗೆ ಬಂದದ್ದು. ನೋಡಿದವರಿಗೆ ಬೂದಿಯಂತೆ ಕಂಡಿತು, ಆ ಹೆಸರೇ ನಿಂತಿತು. ಆದರೆ ಇದರೊಳಗಿನ ಕೆಂಡಕ್ಕೆ ಊದುಗೊಳವೆ ಬೇಕಿಲ್ಲ, ನೀರು ಹೊಯ್ದರೂ ಅದು ಆರದು. ಅದರಲ್ಲಿರುವ ವಿಕಿರಣಶೀಲ ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು.

ನನ್ನನ್ನು ಬಿಡದೆ ಕಾಡುವುದು ರೊಂಗೆಲಾಪಿನ ತೆಂಗು. ನಾವು ತೆಂಗಿನ ಬುಡಕ್ಕೆ ಬೂದಿ ಹಾಕುವುದು ಅದರಲ್ಲಿರುವ ಪೊಟ್ಯಾಷಿಗಾಗಿ. ಹವಳದ ನೆಲದಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ಸೀಸಿಯಂ ಗುಣದಲ್ಲಿ ಅದರ ದಾಯಾದಿ. ಹಸಿದ ಬೇರು ಇದನ್ನೇ ಅದೆಂದು ಹೀರಿಕೊಂಡಿತು; ಕಾಯಿಗೆ ತಲುಪಿಸಿತು. ಊರು ಸುರಕ್ಷಿತ ಎಂಬ ಮಾತು ನಂಬಿ 1957ರಲ್ಲಿ ಮರಳಿದ ಜನ ಆ ಕಾಯನ್ನೇ ಒಡೆದು ತಿಂದರು. ಮರದ ತಪ್ಪೇನು, ಅವರ ತಪ್ಪೇನು? 1985ರಲ್ಲಿ ರೊಂಗೆಲಾಪಿನವರು ಗ್ರೀನ್‌ಪೀಸ್‌ನ ‘ರೇನ್‌ಬೋ ವಾರಿಯರ್’ ಹಡಗು ಹತ್ತಿ ತಾವಾಗಿಯೇ ಊರು ಬಿಟ್ಟರು.

ಅದೇ ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ರೂನಿಟ್ ಎಂಬ ನಡುಗಡ್ಡೆಯಿದೆ. 1958ರ ಬಾಂಬು ಕೊರೆದ ಗುಂಡಿಗೆ 1977ರಿಂದ ಮೂರು ವರ್ಷ ಸುತ್ತಲಿನ ವಿಷಮಣ್ಣನ್ನು ಕೆರೆದು ತುಂಬಿ, ಮೇಲೆ ಒಂದೂವರೆ ಅಡಿ ದಪ್ಪದ ಕಾಂಕ್ರೀಟು ಮುಚ್ಚಿದ್ದಾರೆ. ಒಳಗಿರುವ ಪ್ಲುಟೋನಿಯಂ ಅರ್ಧಕ್ಕೆ ಇಳಿಯಲು 24,000 ವರ್ಷ. ಗುಂಡಿಯ ತಳಕ್ಕೆ ಏನೂ ಹಾಸಿಲ್ಲ. ಭರತ ಬಂದಾಗ ಕಡಲು ಆ ಮಣ್ಣಿನೊಳಗೆ ಏರುತ್ತದೆ, ಇಳಿತದಲ್ಲಿ ಹೊರಟುಹೋಗುತ್ತದೆ.