ಗಡ್ಡದವನೋ, ತಲೆ ತಗ್ಗಿಸಿದವನೋ: ಕಾರವಾಜ್ಜೊನ ಮತ್ತಾಯ

ರೋಮಿನ ಸಾನ್ ಲುಯೀಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿ ಕೊಂತಾರೆಲ್ಲಿ ಚಾಪೆಲ್‌ನ ಎಡಗೋಡೆಯ ಮೇಲಿರುವ ‘ಸಂತ ಮತ್ತಾಯನಿಗೆ ಕರೆ’ ಚಿತ್ರವನ್ನು ಕಾರವಾಜ್ಜೊ ಬರೆದದ್ದು 1599–1600ರಲ್ಲಿ. ಬಲಗಡೆ ಯೇಸು ಕೈಚಾಚಿ ನಿಂತಿದ್ದಾನೆ, ಅವನನ್ನು ಮುಕ್ಕಾಲು ಮರೆಮಾಡಿಕೊಂಡು ಪೇತ್ರ. ಎಡಗಡೆ ಮೇಜಿನ ಸುತ್ತ ಐವರು. ಅವರಲ್ಲಿ ಸುಂಕದ ಮತ್ತಾಯ ಯಾರು?

ನಡುವೆ ಕುಳಿತ ಗಡ್ಡದವನು ಎಂಬುದು ಹಳೆಯ ಉತ್ತರ. 1985ರಲ್ಲಿ ಆಂಡ್ರಿಯಾಸ್ ಪ್ರಾಟರ್ ಇದನ್ನು ಪ್ರಶ್ನಿಸಿದರು. ಗಡ್ಡದವನ ಬೆರಳು ತನ್ನ ಎದೆಯನ್ನು ತೋರಿಸುತ್ತಿಲ್ಲ, ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ನಾಣ್ಯದಲ್ಲೇ ಮುಳುಗಿರುವ ತರುಣನನ್ನು ತೋರಿಸುತ್ತಿದೆ. ಅವನೇ ಮತ್ತಾಯ ಎಂಬುದು ವಾದ. ಈ ಓದಿಗೆ ಸೆಳೆತವಿದೆ. ಕರೆ ಇನ್ನೂ ಕಿವಿಗೆ ಬೀಳದ ಪಾಪಿ ಎಂಬ ಕಲ್ಪನೆ ನಮ್ಮ ಕಾಲದ ಮನಸ್ಸಿಗೆ ಹಿಡಿಸುವಂಥದು. ಹಿಡಿಸುತ್ತದೆ ಎಂಬುದು ಮಾತ್ರ ಪುರಾವೆಯಲ್ಲ.

ಪುರಾವೆ ಬೇರೆ ಕಡೆ ಇದೆ. 1672ರಲ್ಲಿ ಕಾರವಾಜ್ಜೊನ ಜೀವನ ಬರೆದ ಬೆಲ್ಲೋರಿ, ಸಂತನು ನಾಣ್ಯ ಎಣಿಸುವುದನ್ನು ಬಿಟ್ಟು ಎದೆಯ ಮೇಲೆ ಕೈಯಿಟ್ಟು ಪ್ರಭುವಿನತ್ತ ತಿರುಗಿದ್ದಾನೆ ಎಂದು ವಿವರಿಸುತ್ತಾನೆ. ತರುಣನು ಎಣಿಸುವುದನ್ನು ಬಿಟ್ಟಿಲ್ಲ, ಯಾರ ಕಡೆಗೂ ತಿರುಗಿಲ್ಲ. ಬೆಲ್ಲೋರಿಗೆ ಈ ಚಿತ್ರಕಾರನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಕಣ್ಣು ಚುರುಕಾಗಿತ್ತು.

ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಆ ಚಾಪೆಲ್ಲೇ. ಎದುರು ಗೋಡೆಯ ‘ಮತ್ತಾಯನ ಹುತಾತ್ಮತೆ’ ಇದೇ ಕರಾರಿನಲ್ಲಿ, ಇದರ ಜೊತೆಗೇ ಸಿದ್ಧವಾದದ್ದು. ಅಲ್ಲಿ ನೆಲಕ್ಕೆ ಬಿದ್ದ ಮತ್ತಾಯನಿಗೆ ಗಡ್ಡವಿದೆ. 1602ರ ಬಲಿಪೀಠದ ಚಿತ್ರದಲ್ಲೂ ಇದೆ. ಅದಕ್ಕೆ ಮೊದಲು ಬರೆದು ತಿರಸ್ಕೃತವಾಗಿ, 1945ರಲ್ಲಿ ಬರ್ಲಿನ್ನಿನಲ್ಲಿ ನಾಶವಾದ ಚಿತ್ರದ ಛಾಯಾಚಿತ್ರಗಳಲ್ಲೂ ಅದೇ ಗಡ್ಡ. ಮೂರು ಗೋಡೆಗಳಲ್ಲಿ ಒಬ್ಬನೇ ಮನುಷ್ಯನ ಕಥೆ ಓದುತ್ತ ಬಂದ ಭಕ್ತನಿಗೆ ಗುರುತು ತಪ್ಪುವ ಸಂಭವ ಕಡಿಮೆ. ಪುಸ್ತಕದ ಪುಟದಲ್ಲಿ ಚಿತ್ರ ಒಂಟಿಯಾಗಿ ನಿಂತಾಗಲೇ ಈ ಸಂಶಯಕ್ಕೆ ಬಲ ಬರುತ್ತದೆ.

ಆದರೂ ಬೆರಳಿನ ದಿಕ್ಕು ಅಲುಗಾಡುತ್ತದೆ ಎಂಬುದು ಸುಳ್ಳಲ್ಲ. ಅದರ ಕಾರಣ ಕರಾರಿನ ಹಿನ್ನೆಲೆಯಲ್ಲಿದೆ ಎಂದು ನನ್ನ ಊಹೆ. ಚಾಪೆಲ್ಲಿಗೆ ಹಣ ಕೊಟ್ಟ ಕಾರ್ಡಿನಲ್ ಮತ್ತೆಯೊ ಕೊಂತಾರೆಲ್ಲಿ 1585ರಲ್ಲೇ ತೀರಿಕೊಂಡಿದ್ದ. ಚಿತ್ರ ಹೇಗಿರಬೇಕೆಂದು ಅವನು ಬಿಟ್ಟುಹೋದ ಸೂಚನೆ ವಿವರವಾಗಿತ್ತು: ಸುಂಕದ ಕೋಣೆ, ಲೆಕ್ಕದ ಪುಸ್ತಕ, ಹಣ, ಬೀದಿಯಲ್ಲಿ ಹೋಗುತ್ತ ಕರೆದ ಪ್ರಭುವಿನ ಬಳಿ ಬರಲು ಮತ್ತಾಯ ಮೇಜಿನಿಂದ ಏಳುತ್ತಿರಬೇಕು. ಸುವಾರ್ತೆಯಲ್ಲೂ ಅವನು ಏಳುತ್ತಾನೆ. ಕಾರವಾಜ್ಜೊ ಕೋಣೆ, ಪುಸ್ತಕ, ಹಣ ಎಲ್ಲವನ್ನೂ ಇಟ್ಟುಕೊಂಡು ಆ ಏಳುವಿಕೆಯನ್ನು ಮಾತ್ರ ಕೈಬಿಟ್ಟ. ಎದ್ದು ನಿಂತವನನ್ನು ಯಾರೂ ಗುರುತಿಸಬಲ್ಲರು. ಏಳುವ ಮುಂಚಿನ ಕ್ಷಣವನ್ನು ಆರಿಸಿಕೊಂಡ ಮೇಲೆ, ಗುರುತು ಹೇಳಲು ಉಳಿದದ್ದು ಒಂದು ಬೆರಳು. ಅದೂ ‘ನಾನೇ?’ ಎಂದು ಕೇಳುತ್ತಿರುವ ಬೆರಳು. ಅವನ ಇನ್ನೊಂದು ಕೈ ನಾಣ್ಯಗಳ ಬಳಿಯಿಂದ ಸರಿದೂ ಇಲ್ಲ.